ತಾಯಿಗೆ ಬಂದ ಕರೆ, ಅಪ್ಪನ ಜೇಬಿನಲ್ಲಿ

ನನ್ನ ತಮ್ಮ ಪೀಣ್ಯದಲ್ಲಿ ಎರಡನೇ ಶಿಫ್ಟಿಗೆ ಹೊರಟು ಬಸ್ಸಿಗೆ ಕಾಯುತ್ತಿದ್ದಾಗ ಅವನ ಫೋನಿಗೊಂದು ಮೆಸೇಜು ಬಂತು. ಮಗುವಿಗೆ ಒಂದೂವರೆ ತಿಂಗಳ ಚುಚ್ಚುಮದ್ದು ಹಾಕಿಸುವ ದಿನ ಹತ್ತಿರ ಬಂದಿದೆ, ತಪ್ಪದೆ ಕರೆತನ್ನಿ ಎಂದು. ಮಗು ಇದ್ದದ್ದು ಹಿರೇಕೆರೂರು ಕಡೆಯ ಹಳ್ಳಿಯಲ್ಲಿ, ಅದರ ಅಜ್ಜಿಯ ಮನೆಯಲ್ಲಿ. ತಾಯಿ ಕಾರ್ಡ್ ಮಾಡಿಸುವಾಗ ‘ಫೋನ್ ನಂಬರ್ ಹೇಳಮ್ಮ’ ಅಂದರೆ ಗಂಡನ ನಂಬರು ಹೇಳುವುದು ನಮ್ಮಲ್ಲಿ ರೂಢಿ. ತಮ್ಮನ ಹೆಂಡತಿ, ಅಂದರೆ ನನ್ನ ನಾದಿನಿಯೂ ಅದನ್ನೇ ಹೇಳಿದ್ದಳು. ಚೊಚ್ಚಲ ಬಾಣಂತನ ತವರಲ್ಲಿ ಎಂಬುದೂ ರೂಢಿಯೇ. ಎರಡು ರೂಢಿಗಳ ನಡುವೆ ಮೆಸೇಜು ಮುನ್ನೂರು ಕಿಲೋಮೀಟರ್ ದೂರದಲ್ಲಿ ಇಳಿದಿತ್ತು.

ಬಸುರಿ, ಬಾಣಂತಿಯರಿಗೆ ಮೊಬೈಲಿನಲ್ಲಿ ತಿಳಿವಳಿಕೆ ಹೇಳುವ ಯೋಜನೆಗಳು ಈಗ ಎಷ್ಟಿವೆಯೆಂದರೆ, ಯಾವುದು ಸರ್ಕಾರದ್ದು, ಯಾವುದು ಸಂಸ್ಥೆಯದ್ದು, ಯಾವುದು ಬರೀ ಡಬ್ಬಿ ಹಾಲು ಮಾರುವವರದ್ದು ಎಂದು ಬಿಡಿಸಿ ನೋಡುವುದೇ ಕಷ್ಟ. ಕೊಂಚ ಹಿಂದಿನಿಂದ ನೋಡಿದರೆ ದಾರಿ ಕಾಣುತ್ತದೆ.

1992ರಲ್ಲಿ ಜಗತ್ತಿನ ಮೊದಲ ಎಸ್‌ಎಂಎಸ್, 1995ರಲ್ಲಿ ಭಾರತದ ಮೊದಲ ಮೊಬೈಲ್ ಕರೆ, 2003ರಲ್ಲಿ ಒಳಬರುವ ಕರೆ ಉಚಿತ. ಈ ಮೂರನೆಯದು ಆಗದಿದ್ದರೆ ಉಳಿದ ಕಥೆ ನಮ್ಮಲ್ಲಿ ನಡೆಯುತ್ತಲೇ ಇರಲಿಲ್ಲ. ಫೋನ್ ಎತ್ತಿದರೆ ದುಡ್ಡು ಹೋಗುತ್ತಿದ್ದ ಕಾಲದಲ್ಲಿ ಎರಡು ನಿಮಿಷ ಆರೋಗ್ಯದ ಪಾಠ ಯಾರು ಕೇಳುತ್ತಿದ್ದರು?

ದೊಡ್ಡ ಮಟ್ಟದ ಪ್ರಯೋಗ ಶುರುವಾದದ್ದು ಅಮೆರಿಕದಲ್ಲಿ, 2010ರ ಫೆಬ್ರುವರಿಯಲ್ಲಿ. ‘ಟೆಕ್ಸ್ಟ್‌ಫೋರ್‌ಬೇಬಿ’ ಎಂಬ ಹೆಸರಿನ ಆ ಸೇವೆ ವಾರಕ್ಕೆ ಮೂರು ಎಸ್‌ಎಂಎಸ್ ಕಳಿಸುತ್ತಿತ್ತು, ಮೊಬೈಲ್ ಕಂಪನಿಗಳು ಅದಕ್ಕೆ ದುಡ್ಡು ಹಿಡಿಯುತ್ತಿರಲಿಲ್ಲ. ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ 123 ಬಸುರಿಯರ ಮೇಲೆ ನಡೆದ ಸಣ್ಣ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಮೆಸೇಜು ಪಡೆದವರಲ್ಲಿ ಎದ್ದು ಕಂಡದ್ದು ‘ತಾಯಾಗಲು ನಾನು ಸಿದ್ಧಳಿದ್ದೇನೆ’ ಎಂಬ ಭಾವನೆ. ಅಭ್ಯಾಸ ಬದಲಾಗುವುದಕ್ಕಿಂತ ಮೊದಲು ಧೈರ್ಯ ಬಂದಿತ್ತು. ಮುಂದಿನ ಯೋಜನೆಗಳು ಈ ಧೈರ್ಯದ ಮಾತನ್ನು ಅಷ್ಟಾಗಿ ನೆನಪಿಟ್ಟುಕೊಂಡಂತೆ ಕಾಣುವುದಿಲ್ಲ. ಎಷ್ಟು ಲಸಿಕೆ, ಎಷ್ಟು ಕಬ್ಬಿಣದ ಮಾತ್ರೆ ಎಂಬ ಲೆಕ್ಕವೇ ಮುಂದಾಯಿತು.

ಬಾಂಗ್ಲಾದೇಶ 2012ರ ಕೊನೆಗೆ ‘ಅಪೊನ್‌ಜನ್’ ಶುರುಮಾಡಿದಾಗ ಒಂದು ಜಾಣತನ ತೋರಿತು. ಬಸುರಿಗೆ ಒಂದು ಸಂದೇಶ, ಗಂಡ ಅಥವಾ ಅತ್ತೆಗೆ ಇನ್ನೊಂದು. ಮನೆಯಲ್ಲಿ ತೀರ್ಮಾನ ಯಾರದೆಂದು ಗೊತ್ತಿದ್ದವರು ಮಾಡಿದ ಕೆಲಸ ಅದು.

ಭಾರತದಲ್ಲಿ ಎಸ್‌ಎಂಎಸ್ ಹಾದಿ ಬೇಗ ಮುಚ್ಚಿತು. ಓದು ಬರಹದ ತೊಡಕು ಒಂದು, ಲಿಪಿಯದು ಇನ್ನೊಂದು. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿಸಿದರೆ ಕನ್ನಡದಲ್ಲಿ 70 ಮಾತ್ರ, ಅದರಲ್ಲೂ ಕೊಂಬು, ಒತ್ತು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ‘ಚುಚ್ಚುಮದ್ದು’ ಎಂಬ ಒಂದೇ ಪದ 11 ಜಾಗ ನುಂಗುತ್ತದೆ. ಕಳಿಸಿದರೂ ಬಟನ್ ಫೋನುಗಳಲ್ಲಿ ಕನ್ನಡದ ಬದಲು ಚೌಕ ಚೌಕ ಡಬ್ಬಿಗಳು ಕಾಣುತ್ತಿದ್ದವು. ಎಲ್ಲ ಫೋನುಗಳಲ್ಲೂ ಭಾರತೀಯ ಭಾಷೆಗಳನ್ನು ಓದುವಂತಿರಬೇಕು ಎಂಬ ಮಾನಕ ಬಂದದ್ದೇ 2016ರಲ್ಲಿ.

ಹಾಗಾಗಿ ಧ್ವನಿ. ಬಿಹಾರದಲ್ಲಿ ಬಿಬಿಸಿಯ ದತ್ತಿ ಸಂಸ್ಥೆ ಬಿಬಿಸಿ ಮೀಡಿಯಾ ಆಕ್ಷನ್ 2013ರಲ್ಲಿ ‘ಕಿಲ್ಕಾರಿ’ ಆರಂಭಿಸಿತು. ಹಿಂದಿಯಲ್ಲಿ ಹಾಗೆಂದರೆ ಮಗುವಿನ ಕೇಕೆ. ಆಗ ಅದು ದುಡ್ಡು ಕೊಟ್ಟು ಚಂದಾದಾರರಾಗಬೇಕಾದ ಸೇವೆ. 2016ರ ಜನವರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅದನ್ನು ಕೈಗೆತ್ತಿಕೊಂಡು ಉಚಿತ ಮಾಡಿತು. ಬಸುರಿನ ನಾಲ್ಕನೇ ತಿಂಗಳಿನಿಂದ ಮಗುವಿಗೆ ವರ್ಷ ತುಂಬುವವರೆಗೆ ವಾರಕ್ಕೊಂದರಂತೆ 72 ಕರೆ. ಎತ್ತಿದರೆ ‘ಡಾಕ್ಟರ್ ಅನಿತಾ’ ಮಾತಾಡುತ್ತಾರೆ. ಅಂಥ ಡಾಕ್ಟರ್ ಯಾರೂ ಇಲ್ಲ, ಕಲ್ಪಿತ ಪಾತ್ರ. ಗಂಭೀರವಾದರೂ ಗದರದ ದನಿ. ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನಿಂತು ಬಂದವರಿಗೆ ಆ ದನಿಯ ಬೆಲೆ ಗೊತ್ತಾಗುತ್ತದೆ.

ಕರೆ ಹೋಗುವುದು ಯಾರಿಗೆ? ಆಶಾ ಕಾರ್ಯಕರ್ತೆ ಮತ್ತು ಎಎನ್‌ಎಂ (ಹಳ್ಳಿಯ ಆರೋಗ್ಯ ಸಹಾಯಕಿ) ದಾಖಲಿಸಿದ ಬಸುರಿಯರ ಸರ್ಕಾರಿ ಪಟ್ಟಿಯಲ್ಲಿರುವ ನಂಬರಿಗೆ. ಎಲ್ಲ ಗಂಟು ಇರುವುದು ಇಲ್ಲೇ. ಕಾಲಂ ಖಾಲಿ ಬಿಡುವಂತಿಲ್ಲ. ಬಸುರಿಯ ಹತ್ತಿರ ಫೋನ್ ಇಲ್ಲದಿದ್ದರೆ ಗಂಡನದು, ಅವನ ಸಿಮ್ ಬದಲಾಗಿದ್ದರೆ ಪಕ್ಕದ ಮನೆಯದು, ಅದೂ ಸಿಗದಿದ್ದರೆ ಆಶಾ ತನ್ನದನ್ನೇ ಬರೆದುಬಿಡುವುದು. ಇದರಲ್ಲಿ ಯಾರದೂ ತಪ್ಪಲ್ಲ. ಆದರೂ ಯಾರದೋ ಏಳನೇ ತಿಂಗಳ ಸಲಹೆಯನ್ನು ಇನ್ಯಾರೋ ಕೇಳುತ್ತಾರೆ, ಅಥವಾ ಕಟ್ ಮಾಡುತ್ತಾರೆ. ಹೀಗೆ ಕೆಲವು ವಾರ ಸತತ ಕಟ್ ಆದರೆ ಕರೆಯೇ ನಿಂತುಹೋಗುತ್ತದೆ. ತಾವೇ ಬಳಸುವ ಮೊಬೈಲ್ ಇರುವ ಹೆಂಗಸರು 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ 46 ಇದ್ದರು, 2019-21ರಲ್ಲಿ ಶೇ 54. ಅಂದರೆ ಯೋಜನೆ ರೂಪುಗೊಂಡಾಗ ಸರಿಸುಮಾರು ಅರ್ಧದಷ್ಟು ಹೆಂಗಸರಿಗೆ ‘ನನ್ನ ಫೋನು’ ಎಂಬುದೇ ಇರಲಿಲ್ಲ.

ಮಧ್ಯಪ್ರದೇಶದ ನಾಲ್ಕು ಜಿಲ್ಲೆಗಳಲ್ಲಿ 5,000ಕ್ಕೂ ಹೆಚ್ಚು ಬಸುರಿಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಿಲ್ಕಾರಿ ಕರೆ ಕೊಟ್ಟು ಇನ್ನೊಂದಕ್ಕೆ ಕೊಡದೆ ನೋಡಿದರು. ಎದೆಹಾಲು, ಮಗುವಿನ ಊಟದ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ತಾತ್ಕಾಲಿಕ ಗರ್ಭನಿರೋಧಕಗಳ ಬಳಕೆ ಮಾತ್ರ ಹೆಚ್ಚಿತ್ತು. ಕರೆ ಗಂಡನ ಫೋನಿಗೆ ಹೋಗಿದ್ದಕ್ಕೇ ಅವನ ಕಿವಿಗೂ ಬಿತ್ತೇನೋ ಎಂದು ನನಗೆ ಅನುಮಾನ. ಮಗುವಿಗೆ ಏನು ಕುಡಿಸಬೇಕು ಎಂಬುದು ಬೇರೆ ಮಾತು; ಅದು ಗಂಡನ ಕೈಯಲ್ಲೂ ಇಲ್ಲ, ಹೆಂಡತಿಯ ಕೈಯಲ್ಲೂ ಇಲ್ಲ.

ನಾದಿನಿಯ ತವರಿನಲ್ಲಿ ಅದು ಅವಳ ಅಜ್ಜಿಯ ಕೈಯಲ್ಲಿತ್ತು. ನಾನು ನೋಡಲು ಹೋದ ದಿನ ಅಜ್ಜಿ ಕಲ್ಲಿನ ಮೇಲೆ ಬಜೆ ತೇಯುತ್ತಾ ಕೂತಿದ್ದರು. ಆರು ತಿಂಗಳು ಎದೆಹಾಲು ಬಿಟ್ಟು ಹನಿ ನೀರೂ ಬೇಡ ಎಂಬುದು ನಾದಿನಿಗೆ ಚೆನ್ನಾಗಿಯೇ ಗೊತ್ತು. ಮೆಲ್ಲಗೆ ಅಂದಳು: ‘ಅಜ್ಜೀ, ಆಶಾ ಅಕ್ಕ ಬ್ಯಾಡ ಅಂದಾರ.’ ಅಜ್ಜಿ ತಲೆ ಎತ್ತದೆ, ‘ನಿಮ್ಮವ್ವಗೂ ಇದನ್ನ ನೆಕ್ಕಿಸೀನಿ, ನಿನಗೂ ನೆಕ್ಕಿಸೀನಿ’ ಅಂದರು. ಮಾತು ಅಲ್ಲಿಗೆ ಮುಗಿಯಿತು. ಮಾಹಿತಿ ಅವಳ ಹತ್ತಿರ ಇತ್ತು. ಅಜ್ಜಿಗೆ ಉತ್ತರ ಕೊಡಲು ಜೊತೆಗೆ ನಿಲ್ಲುವ ದನಿಯೊಂದು ಬೇಕಿತ್ತು.

ಈ ಕೊರತೆಯನ್ನು ಗಟ್ಟಿಯಾಗಿ ಹಿಡಿದದ್ದು ದಕ್ಷಿಣ ಆಫ್ರಿಕಾ. 2014ರ ಆಗಸ್ಟಿನಲ್ಲಿ ಶುರುವಾದ ‘ಮಾಮ್‌ಕನೆಕ್ಟ್’ 11 ಅಧಿಕೃತ ಭಾಷೆಗಳಲ್ಲಿ ಮೆಸೇಜು ಕಳಿಸುವುದರ ಜೊತೆಗೆ ತಾಯಂದಿರು ತಿರುಗಿ ಬರೆಯಲು ಒಂದು ದಾರಿ ಇಟ್ಟಿತು. ಪ್ರಶ್ನೆ ಕೇಳಬಹುದು, ನರ್ಸ್ ಬೈದರು ಎಂದು ದೂರಬಹುದು, ಚೆನ್ನಾಗಿ ನೋಡಿಕೊಂಡರು ಎಂದು ಹೊಗಳಲೂಬಹುದು. ಮೂರು ವರ್ಷದಲ್ಲಿ 10 ಲಕ್ಷಕ್ಕೂ ಹೆಚ್ಚು ಹೆಂಗಸರು ಸೇರಿದರು. ಉತ್ತರ ಬರೆಯಲು ಕೂತವರು ಬೆರಳೆಣಿಕೆಯ ಜನ. ಕೇಳಿಸಿಕೊಳ್ಳುವುದು ಹೇಳುವುದಕ್ಕಿಂತ ದುಬಾರಿ. ಆಸ್ಟ್ರೇಲಿಯಾದ ‘ಎಸ್‌ಎಂಎಸ್‌ಫೋರ್‌ಡ್ಯಾಡ್ಸ್’ ಹೊಸ ಅಪ್ಪಂದಿರಿಗೇ ಬರೆದು, ನೀನು ಹೇಗಿದ್ದೀಯ ಎಂದೂ ವಿಚಾರಿಸುತ್ತದೆ. ನನ್ನ ತಮ್ಮನನ್ನು ಹಾಗೆ ಯಾರೂ ಕೇಳಿದ್ದಿಲ್ಲ.

ನಮ್ಮಲ್ಲಿ ಸದ್ಯದ ಘಟ್ಟ ವಾಟ್ಸ್‌ಆಪ್‌ನದು. ಬೆಂಗಳೂರಿನ ನಾರಾಯಣ ಆಸ್ಪತ್ರೆಯಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾದವರ ಮನೆಮಂದಿಗೆ ಆರೈಕೆ ಕಲಿಸುವುದರಿಂದ ಶುರುಮಾಡಿದ ನೂರಾ ಹೆಲ್ತ್ ಸಂಸ್ಥೆ, ಆಮೇಲೆ ಕರ್ನಾಟಕದ ಸರ್ಕಾರಿ ಹೆರಿಗೆ ವಾರ್ಡುಗಳಿಗೂ ಬಂತು. ಅಲ್ಲಿ ಪಾಠ ಬಾಣಂತಿಯೊಬ್ಬಳಿಗೇ ಅಲ್ಲ. ಮಂಚದ ಪಕ್ಕ ಕೂತ ಅಮ್ಮ, ಅತ್ತೆಗೂ ಸೇರಿ. ಮನೆಗೆ ಹೋದ ಮೇಲೆ ವಾಟ್ಸ್‌ಆಪ್‌ನಲ್ಲಿ ಪ್ರಶ್ನೆ ಕೇಳಬಹುದು. ಬಸುರಿ, ಬಾಣಂತಿಯರಿಗೆ ಧ್ವನಿ ಕರೆ ಕಳಿಸುವ ಮುಂಬೈಯ ಅರ್ಮಾನ್ ಸಂಸ್ಥೆ ಗೂಗಲ್ ಸಂಶೋಧಕರ ಜೊತೆಗೂಡಿ, ಯಾವ ತಾಯಿ ಕರೆ ಕೇಳುವುದನ್ನು ಬಿಡಬಹುದು ಎಂದು ಎಐ ಬಳಸಿ ಮೊದಲೇ ಊಹಿಸಿ, ಅಂಥವರಿಗೆ ಕಾರ್ಯಕರ್ತೆಯರಿಂದ ಫೋನ್ ಮಾಡಿಸುತ್ತದೆ. ಇಷ್ಟು ಸುತ್ತು ಹಾಕಿ ಕೊನೆಗೆ ಮನುಷ್ಯರ ದನಿಗೇ ಬಂದದ್ದು ನನಗೆ ಸಮಾಧಾನದ ಸಂಗತಿ.

ತಮ್ಮ ಆ ದಿನ ಮೆಸೇಜನ್ನು ಫಾರ್ವರ್ಡ್ ಮಾಡಲು ನೋಡಿದ. ನಾದಿನಿಯದು ಬಟನ್ ಫೋನು. ಆ ಮನೆಯಲ್ಲಿ ವಾಟ್ಸ್‌ಆಪ್ ಇದ್ದದ್ದು ಅವಳ ತಮ್ಮನ ಹತ್ತಿರ ಮಾತ್ರ, ಅವನು ಪಿಯುಸಿ ಹುಡುಗ, ಟ್ಯೂಷನ್ ಮುಗಿಸಿ ಮನೆ ಸೇರುವುದು ರಾತ್ರಿ ಎಂಟಕ್ಕೆ. ಅಕ್ಕನಿಗೆ ಓದಿ ಹೇಳು ಎಂದರೆ ಅವನಿಗೆ ನಾಚಿಕೆ.