ತುಕ್ಕು ಶುರುವಾಗುವುದು ಕಣ್ಣಿಗೆ ಬೀಳದ ಕಡೆ

ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯದ ರಸ್ತೆಗಳಲ್ಲಿ ಹಳೇ ಮಹೀಂದ್ರ ಪಿಕಪ್ ಜೀಪುಗಳು ಇವತ್ತಿಗೂ ದುಡಿಯುತ್ತಿವೆ. ಹಿಂದೆ ಅಡಿಕೆ ಗೋಣಿ, ಇಲ್ಲವೇ ಹಟ್ಟಿಗೊಬ್ಬರ. ಬಾನೆಟ್ಟಿನ ಬಣ್ಣ ಮಂಕಾಗಿದೆ, ಬೆರಳಾಡಿಸಿದರೆ ಪುಡಿ ಅಂಟುತ್ತದೆ. ನೋಡಿದವರಿಗೆ ಗಾಡಿಯ ಕಥೆ ಮುಗಿಯಿತು ಅನ್ನಿಸುತ್ತದೆ.

ಆದರೆ ಆ ಪುಡಿಗೆ ಹೆದರಬೇಕಿಲ್ಲ. ಬಿಸಿಲಿನ ಅತಿನೇರಳೆ ಕಿರಣಗಳು ಪೇಂಟಿನ ಅಂಟನ್ನು ಒಡೆಯುತ್ತವೆ, ಬಣ್ಣದ ಕಣಗಳು ಸಡಿಲವಾಗುತ್ತವೆ. ಅಡಿಯ ಪ್ರೈಮರ್ ಗಟ್ಟಿಯಿದ್ದರೆ ತಗಡಿಗೆ ಏನೂ ಆಗಿರುವುದಿಲ್ಲ.

ಗಾಡಿಯನ್ನು ತಿನ್ನುವುದು ತುಕ್ಕು. ಅದಕ್ಕೆ ಕಬ್ಬಿಣದ ಜೊತೆ ನೀರು, ಆಮ್ಲಜನಕ ಎರಡೂ ಬೇಕು. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ, ನೀರಿಗೆ ಬರವಿಲ್ಲ. ಹಾಗಾದರೆ ಗಾಳಿ ಚೆನ್ನಾಗಿ ತಾಗುವ ಜಾಗವೇ ಮೊದಲು ಹಾಳಾಗಬೇಕಲ್ವಾ? ಆಗುವುದು ಉಲ್ಟಾ.

ಕೇಂಬ್ರಿಜ್‌ನ ವಿಜ್ಞಾನಿ ಯು. ಆರ್. ಇವಾನ್ಸ್ 1920ರ ದಶಕದಲ್ಲಿ ಇದನ್ನು ಒಂದೇ ಒಂದು ಹನಿ ಉಪ್ಪುನೀರಿನಲ್ಲಿ ತೋರಿಸಿದರು. ಕಬ್ಬಿಣದ ಮೇಲಿಟ್ಟ ಹನಿಯ ಅಂಚಿಗೆ ಗಾಳಿ ಸುಲಭವಾಗಿ ಸಿಗುತ್ತದೆ, ನಡುವಿಗೆ ಸಿಗುವುದಿಲ್ಲ. ಕಬ್ಬಿಣ ಕರಗುವುದು ನಡುವಿನಲ್ಲಿ! ಅಲ್ಲಿ ಬಿಡುಗಡೆಯಾದ ಎಲೆಕ್ಟ್ರಾನುಗಳು ಲೋಹದೊಳಗೇ ಅಂಚಿಗೆ ಹರಿದು ಆಮ್ಲಜನಕವನ್ನು ಸೇರುತ್ತವೆ. ಒಂದು ಹನಿಯೊಳಗೆ ಪುಟ್ಟ ಬ್ಯಾಟರಿ. ಇಷ್ಟು ಸರಳವಾಗಿ ಇಷ್ಟು ದೊಡ್ಡ ವಿಷಯ ಹೇಳುವ ಪ್ರಯೋಗಗಳು ಕಡಿಮೆ.

ಮಡ್‌ಗಾರ್ಡಿನ ಒಳಗೆ ಮೆತ್ತಿಕೊಂಡ ಕೆಂಪು ಮಣ್ಣಿನ ಅಡಿಯಲ್ಲಿ ನಡೆಯುವುದೂ ಇದೇ. ಮಳೆ ನಿಂತು ದಿನಗಳಾದರೂ ಅಲ್ಲಿ ಪಸೆ ಆರುವುದಿಲ್ಲ, ಗಾಳಿಯೂ ಸೇರುವುದಿಲ್ಲ. ತಗಡು ಸದ್ದಿಲ್ಲದೆ ತೆಳ್ಳಗಾಗುತ್ತದೆ. ಕಬ್ಬಿಣಕ್ಕಿಂತ ತುಕ್ಕಿಗೆ ಜಾಗ ಜಾಸ್ತಿ ಬೇಕು. ಹಾಗಾಗಿ ಅದು ಪೇಂಟನ್ನು ಮೇಲೆತ್ತಿ ಗುಳ್ಳೆ ಎಬ್ಬಿಸುತ್ತದೆ. ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಸಾಕಷ್ಟು ಕೆಲಸ ನಡೆದಿರುತ್ತದೆ.

ಕುಂಬಳೆ, ಮಂಜೇಶ್ವರದ ಕಡಲ ಬದಿಯಲ್ಲಿ ಪಾಡು ಇನ್ನೂ ಕಷ್ಟ. ಕಡಲಿನ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಇದೆ. ಗಾಳಿಯ ತೇವಾಂಶ ಸುಮಾರು 33 ಶೇಕಡಾ ಇದ್ದರೂ ಸಾಕು, ಅದು ನೀರು ಹೀರಿ ತಾನೇ ಒದ್ದೆಯಾಗುತ್ತದೆ. ಕರಾವಳಿಯ ಗಾಳಿ ಅಷ್ಟು ಒಣಗುವುದೇ ಅಪರೂಪ. ಅಂದರೆ ಮಳೆಯಿಲ್ಲದ ದಿನವೂ ಆ ಗಾಡಿ ಪೂರ್ತಿ ಒಣಗುವುದಿಲ್ಲ. ಉಪ್ಪು ಹೆಚ್ಚಾಗಿ ಬೀಳುವುದು ಕಡಲಿಗೆ ಹತ್ತಿರದ ಕೆಲವೇ ಕಿಲೋಮೀಟರಿನಲ್ಲಿ. ಗುಡ್ಡದ ಕಡೆಯ ಜೀಪುಗಳಿಗೆ ಇದು ದೊಡ್ಡ ವರ.

ಅಡಿಭಾಗಕ್ಕೆ ಸುಟ್ಟ ಎಂಜಿನ್ ಆಯಿಲ್ ಬಳಿಯುವವರಿದ್ದಾರೆ. ನೀರು ತಡೆಯುತ್ತದೆ ನಿಜ, ಆದರೆ ಅದು ತೊಟ್ಟಿಕ್ಕಿ ತೋಟಕ್ಕೂ ಬಾವಿಗೂ ಸೇರುತ್ತದೆ. ದಯವಿಟ್ಟು ಬೇಡ. ನಮ್ಮ ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ತೆಗೆಯುವ ಕಾರ್ಡನಾಲ್ ಎಂಬ ವಸ್ತುವಿನಿಂದ ಮಾಡಿದ ರಾಸಾಯನಿಕಗಳನ್ನು ಹಡಗಿನ ಎಪಾಕ್ಸಿ ಪೇಂಟುಗಳನ್ನು ಗಟ್ಟಿಯಾಗಿಸಲು ಬಳಸುತ್ತಾರೆ. ಅಂಥ ಪೇಂಟು ಪಸೆಯಲ್ಲೂ ಹಿಡಿಯುತ್ತದೆ.

ಏನನ್ನೇ ಬಳಿಯುವ ಮೊದಲು, ಪೈಪ್ ಹಿಡಿದು ಮಡ್‌ಗಾರ್ಡಿನ ಒಳಗಿನ ಮಣ್ಣು ತೊಳೆಯಿರಿ. ಬಾಗಿಲಿನ ಅಡಿಯಲ್ಲಿ ನೀರು ಇಳಿಯಲೆಂದೇ ಸಣ್ಣ ತೂತುಗಳಿರುತ್ತವೆ. ಅವು ಕೆಸರು ಕಟ್ಟಿದ್ದರೆ ಒಂದು ಕಡ್ಡಿ ಹಾಕಿ ಬಿಡಿಸಿದರಾಯಿತು.