ಕೊರಿಯನ್ ನಟರಿಗೆ ಬರೀ ಮುಖ ಇದೆ, ನಟನೆ ಇಲ್ಲ ಅಂತೀರಾ?

ಓದುಗರ ಪ್ರಶ್ನೆ: "ಮೇಡಂ, ನೀವು ಇಷ್ಟೊಂದು ಕೊರಿಯನ್ ಡ್ರಾಮಾ ನೋಡ್ತೀರಲ್ಲ, ಅವರಿಗೆಲ್ಲ ನಿಜವಾಗಲೂ ನಟನೆ ಬರುತ್ತಾ? ಗಂಡಸರು, ಹೆಂಗಸರು ಎಲ್ಲರೂ ಗೊಂಬೆ ಥರ ಇರ್ತಾರೆ. ಮುಖದಲ್ಲಿ ಒಂದು ಭಾವನೆಯೂ ಕಾಣಲ್ಲ. ಚಂದ ಇದ್ದಾರೆ ಅಂತ ತಾನೇ ಜನ ನೋಡೋದು?"

ಈ ಪ್ರಶ್ನೆಯನ್ನು ನನಗೆ ಮದುವೆ ಮನೆಯ ಪಂಕ್ತಿಯಲ್ಲಿ ಕೇಳಿದ್ದಾರೆ, ಬಸ್ಸಿನಲ್ಲಿ ಕೇಳಿದ್ದಾರೆ, ಡಾಕ್ಟರ ಹತ್ತಿರ ಸರದಿಯಲ್ಲಿ ಕೂತಾಗಲೂ ಕೇಳಿದ್ದಾರೆ. ಪ್ರತಿ ಸಲ ಉತ್ತರ ಕೊಟ್ಟಿದ್ದೇನೆ. ಎರಡು ತಿಂಗಳು ಬಿಟ್ಟು ಅವರೇ ಮತ್ತೆ ಕೇಳುತ್ತಾರೆ. ಅದಕ್ಕೆ ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ನಟನೆ ಬರುತ್ತೆ. ಚೆನ್ನಾಗಿ ಬರುತ್ತೆ.

ಈಗ ನಾನೊಂದು ಕೇಳುತ್ತೇನೆ. ನೀವು ಯಾವ ಡ್ರಾಮಾ ನೋಡಿದ್ದೀರಿ? ಹೀಗೆ ಕೇಳಿದಾಗ ಹತ್ತಕ್ಕೆ ಒಂಬತ್ತು ಜನ ಹೇಳುವುದು ಫೋನಿನಲ್ಲಿ ಬಂದ ತುಣುಕುಗಳ ಬಗ್ಗೆ. ಮಳೆ ಬರುತ್ತಿದೆ, ಹುಡುಗ ಕೊಡೆ ಹಿಡಿಯುತ್ತಾನೆ, ಹುಡುಗಿ ತಲೆ ಎತ್ತಿ ನೋಡುತ್ತಾಳೆ, ಹಿಂದೆ ಒಂದು ಹಾಡು. 30 ಸೆಕೆಂಡ್. ಡ್ರಾಮಾ ಇರುವುದು ಸಾಮಾನ್ಯವಾಗಿ 16 ಎಪಿಸೋಡ್, ಒಂದೊಂದೂ ಸುಮಾರು ಒಂದು ಗಂಟೆ. ಅನ್ನ ಬೆಂದಿದೆಯಾ ಅಂತ ತಿಳಿಯೋಕೆ ಒಂದು ಅಗುಳು ಸಾಕು ಅನ್ನಬಹುದು ನೀವು. ಒಪ್ಪುತ್ತೇನೆ. ಆದರೆ ಆ ತುಣುಕು ಅಗುಳಲ್ಲ, ಮೇಲೆ ಉದುರಿಸಿದ ಕೊತ್ತಂಬರಿ ಸೊಪ್ಪು. ಮುಖ ಚಂದ ಕಾಣುವ ಜಾಗವನ್ನೇ ಹುಡುಕಿ ಕತ್ತರಿಸಿದ್ದಾರೆ. ಅದರಲ್ಲಿ ಮುಖ ಬಿಟ್ಟು ಇನ್ನೇನು ಕಾಣಬೇಕು?

ಒಂದು ಮಾತು ಮೊದಲೇ ಒಪ್ಪಿಬಿಡುತ್ತೇನೆ. ಹಾಡು-ಕುಣಿತದ ಗುಂಪುಗಳಿಂದ ಬಂದ ಕೆಲವರನ್ನು ಬರೀ ಅವರ ಹೆಸರು ಓಡುತ್ತೆ ಅಂತ ಹಾಕಿಕೊಳ್ಳುತ್ತಾರೆ. ಅವರು ಮಾತು ಒಪ್ಪಿಸಿ ಹೋಗುತ್ತಾರೆ. ಅಂಥವನ್ನು ನಾನೂ ಎರಡನೇ ಎಪಿಸೋಡಿಗೆ ನಿಲ್ಲಿಸಿದ್ದೇನೆ. ಹಾಗಂತ ಎಲ್ಲರನ್ನೂ ಅದೇ ತಕ್ಕಡಿಯಲ್ಲಿ ತೂಗಬೇಡಿ.

ಯೋಮ್ ಹೇ-ರಾನ್ ಅಂತ ಒಬ್ಬ ನಟಿ ಇದ್ದಾರೆ. ರಂಗಭೂಮಿಯಿಂದ ಬಂದವರು. ನೀವು ಹೇಳುವ ಗೊಂಬೆ ಮುಖ ಅವರದ್ದಲ್ಲ. ನಮ್ಮ ಬೀದಿಯ ತರಕಾರಿ ಅಂಗಡಿಯಲ್ಲಿ ಕಂಡರೆ ಸುಮ್ನೆ ದಾಟಿ ಹೋಗುವಂಥ ಸಾಧಾರಣ ಮುಖ. 'ದ ಗ್ಲೋರಿ'ಯಲ್ಲಿ ಅವರು ಗಂಡನ ಕೈಯಲ್ಲಿ ದಿನಾ ಹೊಡೆತ ತಿನ್ನುವ ಹೆಂಗಸು. ಹೊಡೆಸಿಕೊಂಡರೂ ನಾನು ನಗುನಗುತ್ತಾ ಇರುವವಳೇ ಅಂತ ಹೇಳಿಕೊಳ್ಳುವ ಹೆಂಗಸು. ನಾಯಕಿಗೆ ಸಹಾಯ ಮಾಡಲು ಆ ವಯಸ್ಸಿನಲ್ಲಿ ಕಾರು ಓಡಿಸಲು ಕಲಿಯುತ್ತಾಳೆ, ಫೋಟೋ ತೆಗೆಯಲು ಕಲಿಯುತ್ತಾಳೆ. 'ವೆನ್ ದ ಕೆಮೀಲಿಯಾ ಬ್ಲೂಮ್ಸ್'ನಲ್ಲಿ ಇದೇ ನಟಿ ಗಂಡನನ್ನು ಒಂದು ನೋಟಕ್ಕೆ ಹೆದರಿಸಿ ಇಟ್ಟುಕೊಂಡ ವಕೀಲೆ. ಬೆನ್ನು ನೆಟ್ಟಗೆ, ಮಾತು ತಣ್ಣಗೆ. 2025ರಲ್ಲಿ ಬಂದ 'ವೆನ್ ಲೈಫ್ ಗಿವ್ಸ್ ಯೂ ಟ್ಯಾಂಜರಿನ್ಸ್'ನಲ್ಲಿ ಅವರೇ ಜೇಜು ದ್ವೀಪದ ಹೇನ್ಯೊ. ಹೇನ್ಯೊ ಅಂದರೆ ಆಮ್ಲಜನಕದ ಸಿಲಿಂಡರ್ ಇಲ್ಲದೆ, ಉಸಿರು ಕಟ್ಟಿ ಸಮುದ್ರಕ್ಕೆ ಧುಮುಕಿ ಚಿಪ್ಪುಜೀವಿಗಳನ್ನು ಕಿತ್ತು ತರುವ ಹೆಂಗಸರು. ಮೇಲೆ ಬಂದಾಗ ಅವರು ಬಿಡುವ ಉಸಿರು ಸಿಳ್ಳೆಯ ಥರ ಕೇಳುತ್ತೆ.

ಆ ಡ್ರಾಮಾದ ಮೊದಲ ಎಪಿಸೋಡಿನಲ್ಲಿ ಪುಟ್ಟ ಮಗಳು ಒಂದು ಪದ್ಯ ಬರೆದಿರುತ್ತಾಳೆ. ಅಬಲೋನಿ ಎನ್ನುವ ಆ ಹಾಳು ಚಿಪ್ಪುಜೀವಿ ನನ್ನ ಅಮ್ಮನನ್ನು ಮೇಲೆ ಬರಲು ಬಿಡಲ್ಲ ಅನ್ನುವ ಕೋಪ ಅದರಲ್ಲಿ. ಆ ಪದ್ಯ ತಾಯಿಯ ಕೈಗೆ ಸಿಗುವ ದೃಶ್ಯ ನೋಡಿ. ಬಯ್ಯುವ ಬಾಯಿ, ಒರಟು ಕೈ, ಅದರ ಒಳಗೆ ಒಡೆಯುತ್ತಿರುವ ಎದೆ. ಮೂರೂ ಒಂದೇ ಹೊತ್ತಿಗೆ ಕಾಣುತ್ತೆ. ಆ ಪಾತ್ರ ಸಾಯುವುದು 29ನೇ ವಯಸ್ಸಿಗೆ. 16 ಎಪಿಸೋಡಿನಲ್ಲಿ ಅವರು ಇರುವುದು ಸ್ವಲ್ಪ ಹೊತ್ತು. ಆದರೂ ಡ್ರಾಮಾ ಮುಗಿದ ಮೇಲೆ ಮನಸ್ಸಿನಲ್ಲಿ ಉಳಿಯುವುದು ಆ ತಾಯಿಯೇ. ಕೊರಿಯಾದ ದೊಡ್ಡ ಪ್ರಶಸ್ತಿ ಬೇಕ್‌ಸಾಂಗ್‌ನಲ್ಲಿ ಆ ವರ್ಷದ ಪೋಷಕ ನಟಿ ಪ್ರಶಸ್ತಿ ಅವರಿಗೇ ಹೋಯಿತು.

ಇನ್ನು "ಮುಖದಲ್ಲಿ ಭಾವನೆಯೇ ಇಲ್ಲ" ಅನ್ನುವ ಮಾತು. ಇದಕ್ಕೇ ನನಗೆ ಜಾಸ್ತಿ ಬೇಜಾರು.

'ಮೈ ಮಿಸ್ಟರ್' ನೋಡಿ. 2018ರದು. ಐಯು ಅನ್ನುವ ಹುಡುಗಿ 15ನೇ ವಯಸ್ಸಿಗೇ ಗಾಯಕಿಯಾಗಿ ಬಂದವಳು, ಅಲ್ಲಿ ಮನೆಮಾತು. ಈ ಡ್ರಾಮಾದಲ್ಲಿ ಅವಳು ಸಾಲದಲ್ಲಿ ಮುಳುಗಿದ, ಯಾರನ್ನೂ ನಂಬದ ಜಿ-ಆನ್. ಹಗಲು ಆಫೀಸಿನಲ್ಲಿ ತಾತ್ಕಾಲಿಕ ಕೆಲಸ, ರಾತ್ರಿ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ. ಆಫೀಸಿನಲ್ಲಿ ಇಟ್ಟಿರುವ ಕಾಫಿ ಪುಡಿಯ ಸಣ್ಣ ಪೊಟ್ಟಣಗಳನ್ನು ಯಾರಿಗೂ ಕಾಣದ ಹಾಗೆ ತೆಗೆದುಕೊಂಡು ಬರುತ್ತಾಳೆ. ಕತ್ತಲೆ ಕೋಣೆಯಲ್ಲಿ ಕೂತು ಒಂದು ಲೋಟಕ್ಕೆ ಎರಡು ಪೊಟ್ಟಣ ಸುರಿದು ಕುಡಿಯುತ್ತಾಳೆ. ಮುಖದಲ್ಲಿ ಏನೂ ಇಲ್ಲ. ಇರಬಾರದು ಕೂಡ! ಅತ್ತರೆ ಕೇಳುವವರಿಲ್ಲ ಅಂತ ಚಿಕ್ಕ ವಯಸ್ಸಿಗೇ ತಿಳಿದುಕೊಂಡ ಹುಡುಗಿ ಅದು. ಅವಳಿಗೆ ಕಿವಿ ಕೇಳದ, ನಡೆಯಲಾಗದ ಅಜ್ಜಿ ಇದ್ದಾಳೆ. ಅಜ್ಜಿಗೆ ಚಂದ್ರನನ್ನು ನೋಡುವ ಆಸೆ. ಸೂಪರ್ ಮಾರ್ಕೆಟಿನ ಸಾಮಾನು ತಳ್ಳುವ ಗಾಡಿಯಲ್ಲಿ ಅಜ್ಜಿಯನ್ನು ಕೂರಿಸಿಕೊಂಡು ಹೋಗಿ ಚಂದ್ರನನ್ನು ತೋರಿಸುತ್ತಾಳೆ. ಆಗ ಮಾತ್ರ ಆ ಮುಖ ಒಂಚೂರು ಸಡಿಲವಾಗುತ್ತೆ. ಇಷ್ಟು ಹೊತ್ತು ಬಿಗಿದು ಇಟ್ಟುಕೊಂಡಿದ್ದರಿಂದಲೇ ಆ ಒಂಚೂರು ನಮಗೆ ಕಾಣುವುದು. ನಾವು ಕಂಪನಿ ನಾಟಕದ ಊರಿನವರು. ಕೊನೆ ಸಾಲಿನಲ್ಲಿ ಕೂತವನಿಗೂ ಕೇಳಬೇಕು ಅನ್ನುವ ನಟನೆ ನೋಡಿ ಬೆಳೆದಿದ್ದೇವೆ. ಅದಕ್ಕೊಂದು ಸೊಗಸಿದೆ. ಇಲ್ಲಿ ಕ್ಯಾಮೆರಾ ಮುಖದ ಹತ್ತಿರವೇ ಇದೆ, ಪಿಸುಗುಟ್ಟಿದರೂ ಸಾಕು.

ಹಾಗಾದರೆ ಅವರಿಗೆ ಬರುವುದು ಈ ಸಣ್ಣ ದನಿ ಮಾತ್ರವಾ? ಅದೂ ಅಲ್ಲ. 'ದ ಪೆಂಟ್‌ಹೌಸ್' ಹಾಕಿ ನೋಡಿ. ಕೂಗು, ಕಿರುಚಾಟ, ಸೇಡು, ಸತ್ತವರು ಎದ್ದು ಬರುವುದು, ಎಲ್ಲ ಇದೆ. ಇಂಥ ಅತಿರೇಕದ ಡ್ರಾಮಾಗಳಿಗೆ ಅಲ್ಲಿ ಮಕ್‌ಜಾಂಗ್ ಅಂತಾರೆ. ಅದರಲ್ಲಿ ಕಿರುಚಿದ್ದಕ್ಕೇ ಕಿಮ್ ಸೊ-ಯನ್ 2021ರ ಬೇಕ್‌ಸಾಂಗ್ ಅತ್ಯುತ್ತಮ ನಟಿ ಆದರು, ಅರ್ಹತೆಯಿಂದಲೇ ಆದರು.

'ಹಾಸ್ಪಿಟಲ್ ಪ್ಲೇಲಿಸ್ಟ್'ನ ಜನ್ ಮಿ-ದೊ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಐದು ಜನ ಡಾಕ್ಟರ್ ಗೆಳೆಯರು ಸೇರಿ ಹಾಡು-ವಾದ್ಯದ ಗುಂಪು ಮಾಡಿಕೊಂಡಿರುತ್ತಾರೆ. ಐದೂ ನಟರು ವಾದ್ಯ ಕಲಿತು ತಾವೇ ನುಡಿಸಿದ್ದಾರೆ. ಅದರಲ್ಲಿ ಜನ್ ಮಿ-ದೊ ಪಾತ್ರಕ್ಕೆ ಶ್ರುತಿಯೇ ನಿಲ್ಲಲ್ಲ, ಆದರೂ ಹಾಡುವ ಆಸೆ. ನಿಜ ಜೀವನದಲ್ಲಿ ಅವರು ರಾಜಧಾನಿ ಸೋಲ್‌ನ ಸಂಗೀತ ನಾಟಕಗಳ ದೊಡ್ಡ ಹೆಸರು. ಸೊಗಸಾದ ಕಂಠ ಇರುವವರು ಪ್ರತಿ ಸಲ ಅಳೆದು ತೂಗಿ ಅಪಶ್ರುತಿಯಲ್ಲಿ ಹಾಡಬೇಕು! ಸಂಗೀತ ಕಲಿತವರನ್ನು ಕೇಳಿ ನೋಡಿ, ಅದು ಎಷ್ಟು ಕಷ್ಟ ಅಂತ ಹೇಳುತ್ತಾರೆ.

ಮತ್ತೆ ಪಾರ್ಕ್ ಉನ್-ಬಿನ್. ಮಗುವಾಗಿದ್ದಾಗಿನಿಂದ ನಟಿಸುತ್ತಿರುವವರು. 2022ರ 'ಎಕ್ಸ್‌ಟ್ರಾರ್ಡಿನರಿ ಅಟಾರ್ನಿ ವೂ' ಒಂದು ಸಣ್ಣ ಚಾನೆಲ್‌ನಲ್ಲಿ 0.9 ಶೇಕಡಾ ವೀಕ್ಷಕರಿಂದ ಶುರುವಾಗಿ 17.5ಕ್ಕೆ ಮುಗಿಯಿತು. ಆಟಿಸಂ ಇರುವ ವಕೀಲೆಯ ಪಾತ್ರ. ತನ್ನ ಹೆಸರು ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಅಂತ ಪರಿಚಯ ಮಾಡಿಕೊಳ್ಳುತ್ತಾಳೆ. ನಮ್ಮ ವಿಕಟಕವಿ ಥರ. ಅಂಥ ಪದಗಳ ಪಟ್ಟಿಯನ್ನೇ ಒಂದೇ ಉಸಿರಿಗೆ ಹೇಳುತ್ತಾಳೆ. ಅದರಲ್ಲಿ 'ಇನ್-ದೊ-ಇನ್' ಅಂತ ಒಂದು ಬರುತ್ತೆ. ಅಂದರೆ ಭಾರತೀಯ. ಮುಂದಿನ ಸಲ ಕಿವಿಗೊಟ್ಟು ಕೇಳಿ.

ಈಗ ಯಾರೂ ನೇರವಾಗಿ ಕೇಳದ ಒಂದು ವಿಷಯಕ್ಕೆ ಬರುತ್ತೇನೆ. ಇವರ ನಟನೆ ನಮಗೆ ಅರ್ಧ ಯಾಕೆ ತಪ್ಪಿ ಹೋಗುತ್ತೆ ಅಂದರೆ, ನಾವು ನೋಡುವುದು ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ.

ನನಗೆ ಇದು ಗೊತ್ತಾಗಿದ್ದು ಅಮ್ಮನಿಂದ. ಅಮ್ಮನಿಗೆ ಇಂಗ್ಲಿಷ್ ಓದಲು ಬರಲ್ಲ. ರಾತ್ರಿ ಊಟ ಆದ ಮೇಲೆ ಪಕ್ಕದಲ್ಲಿ ಕೂತು ನಾನೇ ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ. ಕೆಳಗೆ 'ಯು' ಅಂತ ಬಂದಾಗಲೆಲ್ಲ ನಾನು ನಿಲ್ಲಬೇಕು. ನೀನು ಅನ್ನಲಾ, ನೀವು ಅನ್ನಲಾ? ಇಂಗ್ಲಿಷ್ ಹೇಳಲ್ಲ. ಆದರೆ ಕೊರಿಯನ್ ಹೇಳುತ್ತೆ. ನಮ್ಮಲ್ಲಿ ಬಾ, ಬನ್ನಿ ಇರುವ ಹಾಗೆ ಅವರ ಮರ್ಯಾದೆಯೂ ಕ್ರಿಯಾಪದದ ಬಾಲದಲ್ಲಿದೆ. 'ಆರಾಸ್ಸೊ' ಅಂದರೆ ಗೊತ್ತಾಯ್ತು. ದೊಡ್ಡವರಿಗೆ, ಪರಿಚಯ ಇಲ್ಲದವರಿಗೆ 'ಆರಾಸ್ಸೊಯೊ'. ಆ 'ಯೊ'ವನ್ನು ಕಾಯುತ್ತಾ ಇರಿ. ಎಂಟು ಎಪಿಸೋಡ್ 'ಯೊ' ಹಾಕಿ ಮಾತಾಡಿದವಳು ಒಂದು ದಿನ ಅದನ್ನು ಬಿಟ್ಟುಬಿಡುತ್ತಾಳೆ. ಕೋಪಕ್ಕೋ, ಪ್ರೀತಿಗೋ. ಎದುರಿಗಿದ್ದವನ ಕಣ್ಣು ಒಂದು ಕ್ಷಣ ನಿಲ್ಲುತ್ತೆ. ಅಲ್ಲೇ ನಟನೆ ಇರುವುದು! ಸಬ್‌ಟೈಟಲ್‌ನಲ್ಲಿ ಏನೂ ಬದಲಾಗಿರಲ್ಲ. ನಮಗಂತೂ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಎಷ್ಟೋ ಮನೆಗಳಲ್ಲಿ ಅಪ್ಪನಿಗೆ ನೀವು, ಅಮ್ಮನಿಗೆ ನೀನು. ಯಾರೋ ಇದ್ದಕ್ಕಿದ್ದಂತೆ ಏಕವಚನಕ್ಕೆ ಇಳಿದರೆ ಎದೆಗೆ ಹೇಗೆ ತಾಗುತ್ತೆ ಅಂತ ಗೊತ್ತಿರುವ ಜನ ನಾವು.

ಅಲ್ಲಿನ ಮಕ್ಕಳು ತಂದೆಯನ್ನು 'ಅಪ್ಪಾ' ಅಂತಲೇ ಕೂಗುತ್ತಾರೆ. ಮೊದಲ ಸಲ ಕೇಳಿದಾಗ ಅಮ್ಮ ಸೋಫಾದಲ್ಲಿ ಎದ್ದು ಕೂತಳು. ಕನ್ನಡಕ್ಕೂ ಕೊರಿಯನ್‌ಗೂ ನೆಂಟಸ್ತಿಕೆ ಇದೆಯಾ ಅಂತ ಕೇಳುವವರಿಗೆ: ದ್ರಾವಿಡ ಭಾಷೆಗಳ ಜೊತೆ ಸಂಬಂಧ ಇದೆ ಅಂತ ಹಿಂದೆ ಕೆಲವರು ವಾದ ಮಾಡಿದ್ದರು, ಭಾಷಾ ವಿದ್ವಾಂಸರು ಒಪ್ಪಿಲ್ಲ. ಕಾಕತಾಳೀಯ ಅಷ್ಟೇ. 'ಒಪ್ಪಾ' ಮಾತ್ರ ತೊಂದರೆ ಕೊಟ್ಟಿತು. ಹುಡುಗಿ ಅಣ್ಣನನ್ನೂ ಹಾಗೇ ಕರೆಯುತ್ತಾಳೆ, ಪ್ರೀತಿಸುವ ಹುಡುಗನನ್ನೂ ಹಾಗೇ ಕರೆಯುತ್ತಾಳೆ. ನಾನು ಅಣ್ಣ ಅಂತ ಹೇಳಿದ್ದೆ. ಮುಂದಿನ ಎಪಿಸೋಡಿನಲ್ಲಿ ಅವರಿಬ್ಬರಿಗೆ ಮದುವೆ ಮಾತು ಬಂದಾಗ ಅಮ್ಮ ಗಾಬರಿಯಾದಳು. ಅವತ್ತಿನಿಂದ ಒಪ್ಪಾವನ್ನು ಒಪ್ಪಾ ಅಂತಲೇ ಬಿಟ್ಟಿದ್ದೇನೆ.

ಕನ್ನಡದಲ್ಲಿ ಹೇಳಿದಾಗಲೇ ಪೂರ್ತಿ ದಕ್ಕಿದ ಡ್ರಾಮಾ ಒಂದಿದೆ. 2022ರ 'ಅವರ್ ಬ್ಲೂಸ್'. ಬರೆದವರು ನೋ ಹೀ-ಕ್ಯಂಗ್. ಅದೂ ಜೇಜು ದ್ವೀಪದ ಕಥೆಯೇ. 'ಸ್ಕ್ವಿಡ್ ಗೇಮ್'ನಲ್ಲಿ ಮುಖವಾಡ ಹಾಕಿಕೊಂಡು ಓಡಾಡುವ ಲೀ ಬ್ಯಂಗ್-ಹನ್ ಇಲ್ಲಿ ಗಾಡಿಯಲ್ಲಿ ಸಾಮಾನು ತುಂಬಿಕೊಂಡು ಊರೂರು ಸುತ್ತಿ ಮಾರುವ ದಾಂಗ್-ಸಕ್. ಅವನ ತಾಯಿ ಓಕ್-ದಾಂಗ್ ಪಾತ್ರದಲ್ಲಿ ಕಿಮ್ ಹೇ-ಜಾ. 1941ರಲ್ಲಿ ಹುಟ್ಟಿದವರು. 1980ರಿಂದ 2002ರವರೆಗೆ ಓಡಿದ ಒಂದು ಹಳ್ಳಿ ಧಾರಾವಾಹಿಯಿಂದ ಇಡೀ ದೇಶಕ್ಕೇ ತಾಯಿ ಅನ್ನಿಸಿಕೊಂಡವರು. 2019ರ 'ದ ಲೈಟ್ ಇನ್ ಯುವರ್ ಐಸ್'ನಲ್ಲಿ 77ನೇ ವಯಸ್ಸಿಗೆ 25ರ ಹುಡುಗಿಯ ಮನಸ್ಸನ್ನು ನಟಿಸಿ ಬೇಕ್‌ಸಾಂಗ್‌ನ ಅತಿ ದೊಡ್ಡ ಪ್ರಶಸ್ತಿ ತೆಗೆದುಕೊಂಡವರು.

ಓಕ್-ದಾಂಗ್‌ಳ ಗಂಡ ಸತ್ತ ಮೇಲೆ ಅವಳು ಮಗನನ್ನು ಕರೆದುಕೊಂಡು ಇನ್ನೊಬ್ಬನ ಮನೆಗೆ ಹೋಗಿ ಇರುತ್ತಾಳೆ. ಅವನಿಗೆ ಆಗಲೇ ಹೆಂಡತಿ ಇದ್ದಾಳೆ. ಇನ್ಮೇಲೆ ನನ್ನನ್ನು ಅಮ್ಮ ಅನ್ನಬೇಡ ಅಂತ ಮಗನಿಗೆ ಹೇಳುತ್ತಾಳೆ. ಅವನು ಕರೆಯಬೇಕಾದ ಹೆಸರು ಕೊರಿಯನ್‌ನಲ್ಲಿ ಅಕ್ಷರಕ್ಕೆ ಅಕ್ಷರ 'ಚಿಕ್ಕ ತಾಯಿ'. ಇಂಗ್ಲಿಷ್‌ನಲ್ಲಿ ಇದಕ್ಕೆ ಪದ ಎಲ್ಲಿಂದ ತರುತ್ತಾರೆ? ನನಗೆ ಹುಡುಕುವ ಕೆಲಸವೇ ಇರಲಿಲ್ಲ. "ಚಿಕ್ಕಮ್ಮ ಅನ್ನು ಅಂತಿದ್ದಾಳೆ" ಅಂದೆ.

"ಹೆತ್ತ ತಾಯಿಗಾ?" ಅಂತ ಕೇಳಿದಳು ಅಮ್ಮ.

ಆಮೇಲೆ ಸುಮಾರು ಹೊತ್ತು ನನ್ನನ್ನು ಏನೂ ಕೇಳಲಿಲ್ಲ. ನಡುವಯಸ್ಸು ದಾಟಿದ ಮಗ, ಸಾಯುವ ದಿನ ಹತ್ತಿರ ಬಂದ ತಾಯಿ, ಇಬ್ಬರೂ ಒಂದೇ ಗಾಡಿಯಲ್ಲಿ ಹೋಗುತ್ತಿರುವ ಭಾಗ ಬಂತು. ಮಗ ರೇಗುತ್ತಾನೆ, ಬಯ್ಯುತ್ತಾನೆ. ತಾಯಿ ಕಿಟಕಿ ಕಡೆ ನೋಡುತ್ತಾ ಕೂತಿದ್ದಾಳೆ. ಅಮ್ಮ ಪರದೆಯಿಂದ ಕಣ್ಣು ತೆಗೆಯದೆ, "ಎಷ್ಟು ಮಾತಾಡ್ತಿದ್ದಾಳೆ ನೋಡು ಆ ಹೆಂಗಸು" ಅಂದಳು. ಅಷ್ಟು ಹೊತ್ತೂ ಕಿಮ್ ಹೇ-ಜಾ ಬಾಯಿ ಬಿಟ್ಟಿರಲಿಲ್ಲ.