ಬೆಟ್ಟದ ಮೇಲೊಂದು ಸ್ಪಂಜು

ಭಾನುವಾರ ಬೆಳಗಿನ ಜಾವ ನಂದಿಬೆಟ್ಟ ಹತ್ತಿ, ಎದೆತುಂಬ ಉಸಿರೆಳೆದು "ಆಹಾ, ಶುದ್ಧ ಗಾಳಿ!" ಅನ್ನುವವರನ್ನು ಕಂಡರೆ ನನಗೆ ಸ್ವಲ್ಪ ಕೀಟಲೆ ಮಾಡುವ ಆಸೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಹೊಗೆ ಅಲ್ಲಿಲ್ಲ, ನಿಜ. ಆದರೆ ಡಿಡಿಟಿ, ಎಂಡೋಸಲ್ಫಾನ್‌ನಂಥ ಕೀಟನಾಶಕಗಳಿಗೆ, ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಬಳಸುತ್ತಿದ್ದ ಪಿಸಿಬಿಗೆ ಊರು, ಕಾಡು ಎಂಬ ಭೇದವಿಲ್ಲ. ಬಿಸಿ ನೆಲದಿಂದ ಆವಿಯಾಗಿ ಏಳುತ್ತವೆ, ತಂಪಾದಲ್ಲಿ ಇಳಿಯುತ್ತವೆ, ಕಾವೇರಿದರೆ ಮತ್ತೆ ಏಳುತ್ತವೆ. ಹೀಗೆ ಮಿಡತೆಯ ಹಾಗೆ ಕುಪ್ಪಳಿಸುತ್ತಾ ಉತ್ತರ ಧ್ರುವದ ಕಡೆಗೂ ಹೋದವು. 1980ರ ದಶಕದಲ್ಲಿ ಕೆನಡಾದ ಹಿಮನಾಡಿನ ಮೂಲನಿವಾಸಿಗಳಾದ ಇನ್ಯುಇಟ್ ತಾಯಂದಿರ ಎದೆಹಾಲಿನಲ್ಲೇ ಪಿಸಿಬಿ ಸಿಕ್ಕಿತು.

ಅಂಥ ಜಾಗದ ಗಾಳಿಯನ್ನು ಅಳೆಯೋದು ಹೇಗೆ? ಗಾಳಿಯನ್ನು ಎಳೆದು ಸೋಸುವ ಪಂಪಿಗೆ ಕರೆಂಟ್ ಬೇಕು. ಅದಕ್ಕೇ ಪಂಪನ್ನೇ ಕೈಬಿಟ್ಟರು. ಬೋರಲು ಹಾಕಿದ ಸ್ಟೀಲ್ ಬಟ್ಟಲು, ಅದರ ಕೆಳಗೆ ಇನ್ನೊಂದು ಚಿಕ್ಕ ಬಟ್ಟಲು, ನಡುವೆ ಸೆಟ್ ದೋಸೆಯಷ್ಟು ಅಗಲದ ಪಾಲಿಯುರೆಥೇನ್ ಫೋಮಿನ, ಅಂದರೆ ಸ್ಪಂಜಿನ, ಬಿಲ್ಲೆ. ಕಂಬಕ್ಕೆ ತೂಗುಹಾಕಿ ಮೂರು ತಿಂಗಳು ಸುಮ್ನೆ ಬಿಡುವುದು, ಅಷ್ಟೇ. ದೂರದಿಂದ ನೋಡಿದವರು ದೃಷ್ಟಿಗೆ ಕಟ್ಟಿದ್ದಾರೆ ಅಂದುಕೊಂಡಾರು. ಆದರೆ ದೃಷ್ಟಿಯ ನಿಂಬೆಹಣ್ಣು ಗಾಳಿಯ ಲೆಕ್ಕ ಕೊಡುವುದಿಲ್ಲ. 2004ರಲ್ಲಿ ಕೆನಡಾದ ವಿಜ್ಞಾನಿಗಳು ಜಗತ್ತಿನುದ್ದಕ್ಕೂ ಇಂಥ ಬಟ್ಟಲುಗಳನ್ನು ತೂಗುಹಾಕುವ ಜಾಲವನ್ನೇ ಶುರುಮಾಡಿದರು.

ಹಲಸಿನ ತೊಳೆಯ ಪಕ್ಕ ಬೆಣ್ಣೆಯನ್ನು ಮುಚ್ಚದೆ ಫ್ರಿಜ್ಜಿನಲ್ಲಿಟ್ಟು ನೋಡಿ. ಮರುದಿನ ಬೆಣ್ಣೆಯೂ ಹಲಸೇ. ಯಾರೂ ಪಂಪ್ ಹಾಕಿರಲಿಲ್ಲ, ಅಲ್ವಾ? ಈ ವಿಷಗಳಿಗೂ ಜಿಡ್ಡೆಂದರೆ ಪ್ರಾಣ; ಫೋಮೂ ಬೆಣ್ಣೆಯ ಹಾಗೇ ಅವನ್ನು ತಾನಾಗಿ ಹೀರಿಕೊಳ್ಳುತ್ತದೆ. 2001ರಲ್ಲಿ ಹಲವು ದೇಶಗಳ ಬೆಣ್ಣೆ ತರಿಸಿ ಪಿಸಿಬಿ ಅಳೆದವರೂ ಇದ್ದಾರೆ! ಅದಕ್ಕೂ ಮೊದಲು, 1866ರಲ್ಲಿ, ನೈಲಾಂಡರ್ ಎಂಬ ಸಸ್ಯವಿಜ್ಞಾನಿ ಪ್ಯಾರಿಸ್ಸಿನ ಉದ್ಯಾನದ ಕಲ್ಲುಹೂಗಳನ್ನು ನೋಡಿಯೇ ಗಾಳಿಯ ಆರೋಗ್ಯ ಹೇಳಬಹುದು ಅಂದಿದ್ದ. ನಮ್ಮ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವಿನ ಬಳಗವೇ ಅದು.

ಫೋಮಿನ ಸುತ್ತ ಅಲುಗದ ಗಾಳಿಯ ತೆಳು ಪದರ ಇರುತ್ತದೆ. ವಿಷದ ಅಣುಗಳು ಅದನ್ನು ದಾಟಿಯೇ ಒಳಗೆ ಬರಬೇಕು. ಗಾಂಧಿಬಜಾರಿನ ವಿದ್ಯಾರ್ಥಿ ಭವನವನ್ನು ನೆನಪಿಸಿಕೊಳ್ಳಿ. ಒಳಗೆ ಎಲ್ಲ ಟೇಬಲ್ ಖಾಲಿಯಿದ್ದರೂ ಬಾಗಿಲು ಹಿಡಿಸುವಷ್ಟೇ ಜನ ಒಳಗೆ ಬರುವುದು. ಹೊರಗೆ ಜನ ಜಾಸ್ತಿಯಾದಷ್ಟೂ ನುಗ್ಗುವವರು ಜಾಸ್ತಿ. ಆಗ ಒಳಗಿನ ತಲೆ ಎಣಿಸಿದರೆ ಹೊರಗಿನ ಸಂದಣಿ ಗೊತ್ತಾಗುತ್ತದೆ. ಟೇಬಲ್ ತುಂಬಿದ ಮೇಲೆ ಮಾತ್ರ ಒಬ್ಬ ಎದ್ದರೆ ಒಬ್ಬ ಕೂತ, ಇನ್ನೆಷ್ಟು ಹೊತ್ತು ಕಾದರೂ ಎಣಿಕೆ ಏರದು. ಹಗುರ ರಾಸಾಯನಿಕಗಳು ಬೇಗ ಟೇಬಲ್ ತುಂಬಿಸುತ್ತವೆ. ಭಾರದವುಗಳಿಗೆ ತಿಂಗಳುಗಟ್ಟಲೆ ಜಾಗ ಇರುತ್ತದೆ.

ಜೋರು ಗಾಳಿ ಬೀಸಿದರೆ ಆ ಪದರ ಇನ್ನೂ ತೆಳುವಾಗುತ್ತದೆ, ಬಾಗಿಲು ಅಗಲವಾಗುತ್ತದೆ. ಬಟ್ಟಲುಗಳಿರುವುದು ಇದನ್ನು ತಡೆಯಲು. ಮಳೆ, ಬಿಸಿಲಿಗೂ ಅವೇ ಕೊಡೆ. ಹೀಗೆ ದಿನಕ್ಕೆ ಸುಮಾರು 3-4 ಘನ ಮೀಟರ್ ಗಾಳಿಯ ವಿಷ ಫೋಮಿಗೆ ಸೇರುತ್ತದೆ. ಮೂರು ತಿಂಗಳಿಗೆ ನಮ್ಮ ಹತ್ತು ಅಡಿ ಬೈ ಹತ್ತು ಅಡಿಯ ಸುಮಾರು ಹತ್ತು-ಹನ್ನೆರಡು ರೂಮುಗಳ ಗಾಳಿ. ದೊಡ್ಡ ಪಂಪಾದರೆ ಅಷ್ಟನ್ನು ಒಂದೇ ದಿನದಲ್ಲಿ ಎಳೆಯುತ್ತದೆ. ಎಳೆಯಲಿ, ಬೆಟ್ಟದ ತುದಿಗೆ ಅದಕ್ಕೆ ವೈರ್ ಎಳೆಯುವವರು ಯಾರು?

ನನಗೆ ತುಂಬಾ ಇಷ್ಟ ಇನ್ನೊಂದು ಫೋಮು. ಅದನ್ನೂ ಬೆಟ್ಟಕ್ಕೆ ಹೊತ್ತೊಯ್ದು, ಒಂದು ಕ್ಷಣ ಹೊರತೆಗೆದು, ಹಾಗೇ ಡಬ್ಬಿಗೆ ಹಾಕಿ ವಾಪಸ್ ತರುತ್ತಾರೆ. ದಾರಿಯಲ್ಲಿ, ಕೈಯಲ್ಲಿ, ಲ್ಯಾಬಿನಲ್ಲಿ ಅಂಟಿದ ಕೊಳೆಯ ಲೆಕ್ಕ ಕೊಡುವುದೇ ಅದರ ಕೆಲಸ. ಮೂರು ತಿಂಗಳು ತೂಗಿದ ಫೋಮಿನ ಲೆಕ್ಕದಿಂದ ಅಷ್ಟನ್ನು ಕಳೆಯುತ್ತಾರೆ.